ಎಲ್ಲವೂ ಟೇಬಲ್ ಆಗಬೇಕಿಲ್ಲ

ಹಳಬರು ಎಎಸ್/400 ಎಂದೂ ಹೊಸಬರು 'ಐಬಿಎಂ ಐ' ಎಂದೂ ಕರೆಯುವ ವ್ಯವಸ್ಥೆಯ ಮೇಲೆ ದುಡಿಯುವ ತಂಡಗಳಲ್ಲಿ ಒಂದು ಮಾತು ಪ್ರಶ್ನೆಯೇ ಇಲ್ಲದೆ ಚಲಾವಣೆಯಲ್ಲಿದೆ. ಎರಡು ಪ್ರೋಗ್ರಾಂಗಳು ಏನನ್ನೇ ಹಂಚಿಕೊಳ್ಳಬೇಕಿದ್ದರೂ ಅದು ಡೇಟಾಬೇಸ್ ಟೇಬಲ್‌ನಲ್ಲೇ ಇರಬೇಕು. ಯೂಸರ್ ಸ್ಪೇಸ್, ಯೂಸರ್ ಇಂಡೆಕ್ಸ್, ಡೇಟಾ ಕ್ಯೂ ಇವೆಲ್ಲ ಹಸಿರು ಪರದೆಯ ಕಾಲದ ಪಳೆಯುಳಿಕೆಗಳು. ಮಾಡರ್ನೈಸೇಶನ್ ಎಂದರೆ ಮೊದಲು ಇವನ್ನು ಕಿತ್ತುಹಾಕುವುದು. ಕೋಡ್ ರಿವ್ಯೂನಲ್ಲಿ ಯೂಸರ್ ಸ್ಪೇಸ್ ಕಣ್ಣಿಗೆ ಬಿದ್ದರೆ 'ಇದನ್ನು ಟೇಬಲ್ ಮಾಡಿ' ಎಂಬ ಟಿಪ್ಪಣಿ ಬೀಳುತ್ತದೆ. ಏಕೆ ಎಂದು ಬರೆಯುವ ಅಗತ್ಯ ಯಾರಿಗೂ ಕಾಣುವುದಿಲ್ಲ.

ಇದು ಬುಡದಲ್ಲೇ ತಪ್ಪು ಎಂಬುದು ನನ್ನ ವಾದ. ಆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ಹುಟ್ಟಿದ ಮಾತು ಇದು. ಪಾಲಿಸಿದಷ್ಟೂ ಉಳಿದಿರುವ ಅಲ್ಪಸ್ವಲ್ಪ ತಿಳಿವಳಿಕೆಯೂ ಅಳಿಸಿಹೋಗುತ್ತದೆ.

ಮೊದಲು ಯಂತ್ರದ ಮಾತು. 1978ರಲ್ಲಿ ಐಬಿಎಂ ಸಿಸ್ಟಮ್/38 ಎಂಬ ಮಧ್ಯಮ ಗಾತ್ರದ ಕಂಪ್ಯೂಟರನ್ನು ಪ್ರಕಟಿಸಿತು. ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿ ಫ್ರ್ಯಾಂಕ್ ಸೋಲ್ಟಿಸ್ ಮತ್ತು ಸಂಗಡಿಗರು ಅದರಲ್ಲಿ ತಂದ ದೊಡ್ಡ ವಿಚಾರ ಏಕಮಟ್ಟದ ಸಂಗ್ರಹ, ಅಂದರೆ ಸಿಂಗಲ್ ಲೆವೆಲ್ ಸ್ಟೋರೇಜ್. ಮೆಮೊರಿ ಒಂದು ಕಡೆ, ಡಿಸ್ಕ್ ಇನ್ನೊಂದು ಕಡೆ ಎಂಬ ಭೇದ ಅಲ್ಲಿ ಪ್ರೋಗ್ರಾಂಗೆ ಕಾಣುವುದೇ ಇಲ್ಲ. ಯಂತ್ರದಲ್ಲಿರುವ ಪ್ರತಿ ವಸ್ತುವಿಗೂ, ಅದು ಫೈಲೇ ಇರಲಿ ಪ್ರೋಗ್ರಾಮೇ ಇರಲಿ, ಒಂದೇ ವಿಶಾಲ ವಿಳಾಸವಲಯದಲ್ಲಿ ತನ್ನದೇ ಆದ ವಿಳಾಸ ಇರುತ್ತದೆ. ಮುಟ್ಟಿದಾಗ ಬೇಕಾದ ಪುಟ ಮೆಮೊರಿಗೆ ಬರುತ್ತದೆ, ಬೇಡವಾದಾಗ ಡಿಸ್ಕಿಗೆ ಹೋಗುತ್ತದೆ. ಆ ಚಿಂತೆ ಯಂತ್ರದ್ದು. 1988ರ ಜೂನ್‌ನಲ್ಲಿ ಬಂದ ಎಎಸ್/400 ಇದೇ ವಿನ್ಯಾಸವನ್ನು ಮುಂದುವರಿಸಿತು. 1995ರಲ್ಲಿ ಪ್ರೊಸೆಸರ್ ಬದಲಾಗಿ ವಿಳಾಸ 48 ಬಿಟ್‌ನಿಂದ 64 ಬಿಟ್‌ಗೆ ಹಿಗ್ಗಿತು. ಪಾಯಿಂಟರ್ ಮೊದಲಿನಿಂದಲೂ 16 ಬೈಟ್ ಅಗಲವಾಗಿಯೇ ಇದ್ದುದರಿಂದ ಹೊಸ ವಿಳಾಸ ಅದರೊಳಗೆ ಹಿಡಿಯಿತು.

ಈ ವ್ಯವಸ್ಥೆಯಲ್ಲಿ ಬಹುಪಾಲು ವಸ್ತುಗಳು ಮುಚ್ಚಿದ ವಸ್ತುಗಳು. ಫೈಲನ್ನು ಓದಬಹುದು, ಬರೆಯಬಹುದು, ಪ್ರೋಗ್ರಾಮನ್ನು ಕರೆಯಬಹುದು. ಒಳಗಿನ ಬೈಟ್‌ಗಳಿಗೆ ನೇರವಾಗಿ ಕೈಹಾಕಲು ಬಿಡುವುದಿಲ್ಲ. ಯೂಸರ್ ಸ್ಪೇಸ್ ಇದಕ್ಕೆ ಅಪವಾದ. ಹೆಚ್ಚೆಂದರೆ 16 ಮೆಗಾಬೈಟ್‌ನ ಒಂದು ಬಯಲು ಜಾಗ ಅದು. ಹೆಸರು, ಲೈಬ್ರರಿ, ಒಡೆಯ, ಅಧಿಕಾರ ಎಲ್ಲ ಉಳಿದ ವಸ್ತುಗಳಂತೆಯೇ. ಒಳಗೆ ಏನಿಡಬೇಕು, ಹೇಗಿಡಬೇಕು ಎಂಬುದು ಪೂರ್ತಿ ಪ್ರೋಗ್ರಾಮರ್‌ಗೆ ಬಿಟ್ಟದ್ದು. ಒಂದು ಎಪಿಐ ಕರೆದು ಅದರ ಪಾಯಿಂಟರ್ ಪಡೆಯುತ್ತೀರಿ. ಆರ್‌ಪಿಜಿ ಭಾಷೆಯಲ್ಲಿ ಆ ಪಾಯಿಂಟರ್ ಮೇಲೆ 'ಬೇಸ್ಡ್' ಎಂದು ಒಂದು ಡೇಟಾ ಸ್ಟ್ರಕ್ಚರ್ ಘೋಷಿಸುತ್ತೀರಿ. ಅಲ್ಲಿಗೆ ಮುಗಿಯಿತು. ಓಪನ್ ಇಲ್ಲ, ರೀಡ್ ಇಲ್ಲ, ಕ್ಲೋಸ್ ಇಲ್ಲ. ನಿಮ್ಮ ಪ್ರೋಗ್ರಾಂನ ವೇರಿಯಬಲ್ಲೇ ಆ ಸಂಗ್ರಹ. ಈ ಜಾಬ್‌ನಲ್ಲಿ ಅದಕ್ಕೆ ಬೆಲೆ ಕೊಟ್ಟರೆ ಅದೇ ಯಂತ್ರದ ಇನ್ನೊಂದು ಜಾಬ್ ಮರುಕ್ಷಣದಲ್ಲಿ ಅದನ್ನೇ ಕಾಣುತ್ತದೆ. ರಾಚೆಸ್ಟರ್‌ನವರ ಮೂಲವಿಚಾರ ಅಪ್ಲಿಕೇಶನ್ ಪ್ರೋಗ್ರಾಮರ್‌ನ ಕೈಗೆ ಇಷ್ಟು ನೇರವಾಗಿ ಸಿಗುವ ಜಾಗ ಆ ವ್ಯವಸ್ಥೆಯಲ್ಲಿ ಇನ್ನೊಂದಿಲ್ಲ.

ಇದಕ್ಕೆ 'ನಿಧಾನ' ಎಂಬ ಅಪವಾದ ಹೇಗೆ ಅಂಟಿತು? ಅದಕ್ಕೂ ಕಾರಣವಿದೆ. ಹಳೆಯ ಆರ್‌ಪಿಜಿ/400ರಲ್ಲಿ ಪಾಯಿಂಟರ್ ಎಂಬುದೇ ಇರಲಿಲ್ಲ. ಆಗಿನವರು ಯೂಸರ್ ಸ್ಪೇಸ್‌ನಿಂದ ಒಂದೊಂದೇ ತುಣುಕನ್ನು ರಿಟ್ರೀವ್ ಎಪಿಐ ಕರೆದು ನಕಲು ತೆಗೆದುಕೊಳ್ಳಬೇಕಿತ್ತು. ಸಾವಿರ ನಮೂದುಗಳಿದ್ದರೆ ಸಾವಿರ ಕರೆ. 90ರ ದಶಕದ ನಡುವೆ ಐಎಲ್‌ಇ ಆರ್‌ಪಿಜಿ ಪಾಯಿಂಟರ್ ತಂದಿತು; ಆಮೇಲೆ ಸಿಎಲ್ ಭಾಷೆಗೂ ಬಂತು. ಆದರೆ ಹಳೆಯ ಪ್ರೋಗ್ರಾಂಗಳನ್ನು ನಕಲು ಹೊಡೆದು ಹೊಸದನ್ನು ಬರೆಯುವ ಅಭ್ಯಾಸ ನಿಲ್ಲಲಿಲ್ಲ. 125ನೆಯ ಸ್ಥಾನದಿಂದ ಹೆಡರ್ ಓದಿ, ಆಫ್‌ಸೆಟ್‌ಗೆ ಒಂದು ಕೂಡಿಸಿ, ಲೂಪ್‌ನಲ್ಲಿ ರಿಟ್ರೀವ್ ಎಪಿಐ ಕರೆಯುವ ಆ ಕೋಡನ್ನು ಇಂದಿಗೂ ಎಲ್ಲೆಂದರಲ್ಲಿ ಕಾಣಬಹುದು. ಅದರ ನಿಧಾನಕ್ಕೆ ಯೂಸರ್ ಸ್ಪೇಸನ್ನು ಹೊಣೆ ಮಾಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಇನ್ನೂ ದೊಡ್ಡ ಗೊಂದಲ ಇಲ್ಲಿಂದಲೇ ಹುಟ್ಟಿದೆ. ಆ ಕೋಡ್‌ನಲ್ಲಿ ಯೂಸರ್ ಸ್ಪೇಸ್ ಬರುವುದು ಒಂದೇ ಕೆಲಸಕ್ಕೆ: ಒಂದು ಲೈಬ್ರರಿಯ ವಸ್ತುಗಳ ಪಟ್ಟಿ, ಒಂದು ಫೈಲ್‌ನ ಫೀಲ್ಡ್‌ಗಳ ಪಟ್ಟಿ, ಓಡುತ್ತಿರುವ ಜಾಬ್‌ಗಳ ಪಟ್ಟಿ ಇಂಥವನ್ನು ಕೊಡುವ ಎಪಿಐಗಳು ತಮ್ಮ ಉತ್ತರವನ್ನು ಸುರಿಯುವ ಪಾತ್ರೆಯಾಗಿ. ಈಗ ಅದೇ ಪಟ್ಟಿಗಳನ್ನು ಎಸ್‌ಕ್ಯುಎಲ್‌ನಲ್ಲೇ ಕೇಳಬಹುದು. ಆಬ್ಜೆಕ್ಟ್ ಸ್ಟ್ಯಾಟಿಸ್ಟಿಕ್ಸ್ ಎಂಬ ಟೇಬಲ್ ಫಂಕ್ಷನ್‌ಗೆ ಒಂದು ಸೆಲೆಕ್ಟ್ ಬರೆದರೆ ಐವತ್ತು ಸಾಲಿನ ಆ ಆಟವೆಲ್ಲ ಮುಗಿಯುತ್ತದೆ. ಇದು ಒಳ್ಳೆಯ ಬದಲಾವಣೆ, ಹಳೆಯ ಲೂಪ್‌ಗಳನ್ನು ಧಾರಾಳವಾಗಿ ತೆಗೆಯಿರಿ. ಆದರೆ ಅದರಿಂದ 'ಯೂಸರ್ ಸ್ಪೇಸ್‌ನ ಕಾಲ ಮುಗಿಯಿತು' ಎಂಬ ತೀರ್ಮಾನಕ್ಕೆ ಹೇಗೆ ಬರುತ್ತೀರಿ? ಮುಗಿದದ್ದು ಅದರ ಹತ್ತು ಉಪಯೋಗಗಳಲ್ಲಿ ಒಂದು. ಉಳಿದ ಒಂಬತ್ತನ್ನು ಯಾರೂ ನಿಮಗೆ ಹೇಳಿಕೊಡಲಿಲ್ಲ ಎಂಬುದು ಅವು ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಿ. ಸಗಟು ವ್ಯಾಪಾರದ ಒಂದು ಕಂಪನಿಗೆ ಸರಕು, ಗಿರಾಕಿಯ ವರ್ಗ, ಪ್ರಮಾಣ ಇವುಗಳ ಮೇಲೆ ನಿಂತ ರಿಯಾಯಿತಿ ದರಗಳಿವೆ. 1,00,000 ನಮೂದು, ಒಂದೊಂದು 100 ಬೈಟ್. ಒಟ್ಟು 1 ಕೋಟಿ ಬೈಟ್, ಒಂದೇ ಯೂಸರ್ ಸ್ಪೇಸ್‌ನಲ್ಲಿ ಹಿಡಿಯುತ್ತದೆ. ದರ ಬದಲಾಗುವುದು ದಿನಕ್ಕೊಮ್ಮೆ. ಓದುವುದು ಮಾತ್ರ ನೂರಾರು ಜಾಬ್‌ಗಳು, ಪ್ರತಿ ಆರ್ಡರ್‌ನ ಪ್ರತಿ ಸಾಲಿಗೂ. ಟೇಬಲ್‌ನಲ್ಲಿಟ್ಟರೆ ಪ್ರತಿ ಜಾಬ್ ತನ್ನದೇ ಓಪನ್ ಡೇಟಾ ಪಾತ್ ಕಟ್ಟಿಕೊಳ್ಳಬೇಕು. ಪ್ರತಿ ಓದಿನಲ್ಲೂ ಡೇಟಾಬೇಸ್‌ನ ಪದರ ಹಾದು ರೆಕಾರ್ಡ್ ಜಾಬ್‌ನ ಬಫರ್‌ಗೆ, ಅಲ್ಲಿಂದ ಪ್ರೋಗ್ರಾಂನ ಫೀಲ್ಡ್‌ಗಳಿಗೆ ನಕಲಾಗಬೇಕು. ಯೂಸರ್ ಸ್ಪೇಸ್‌ನಲ್ಲಿ ವಿಂಗಡಿಸಿ ಇಟ್ಟರೆ ಎಲ್ಲ ಜಾಬ್‌ಗಳಿಗೂ ಒಂದೇ ಪ್ರತಿ. ಇಬ್ಭಾಗ ಮಾಡುತ್ತ ಹುಡುಕಿದರೆ ಹೆಚ್ಚೆಂದರೆ 17 ಹೋಲಿಕೆಗಳಲ್ಲಿ ದರ ಸಿಗುತ್ತದೆ, ಅದೂ ಬರೀ ಮೆಮೊರಿ ಓದಿನಲ್ಲಿ. ದರದ ಅಧಿಕೃತ ದಾಖಲೆ ಟೇಬಲ್‌ನಲ್ಲೇ ಇರಲಿ, ಇರಲೇಬೇಕು. ಕೆಲಸಕ್ಕೆ ಬೇಕಾದ ಪ್ರತಿ ಮಾತ್ರ ಕೆಲಸಕ್ಕೆ ತಕ್ಕ ಜಾಗದಲ್ಲಿರಲಿ ಎನ್ನುತ್ತಿದ್ದೇನೆ.

'ಅದು ಅಪಾಯ' ಎಂಬುದು ಮುಂದಿನ ಆಕ್ಷೇಪ. ಪಾಯಿಂಟರ್ ಎಂದ ಕೂಡಲೇ ಸಿ ಭಾಷೆಯಲ್ಲಿ ಪೆಟ್ಟು ತಿಂದವರು ಬೆಚ್ಚುತ್ತಾರೆ. ಬೇರೆ ವ್ಯವಸ್ಥೆಗಳಲ್ಲಿ ಆ ಭಯ ಸರಿ. ಅಲ್ಲಿ ಪಾಯಿಂಟರ್ ಎಂದರೆ ಬರೀ ಒಂದು ಸಂಖ್ಯೆ, ಯಾವ ಸಂಖ್ಯೆಯನ್ನು ಬೇಕಾದರೂ ಪಾಯಿಂಟರ್ ಎಂದು ಬಳಸಬಹುದು. ಈ ಯಂತ್ರದಲ್ಲಿ ಹಾಗಿಲ್ಲ. ಇಲ್ಲಿ ನಿಜವಾದ ಪಾಯಿಂಟರ್‌ಗೆ ಯಂತ್ರಾಂಶವೇ ಒಂದು ಟ್ಯಾಗ್ ಬಿಟ್ ಹಚ್ಚುತ್ತದೆ. ಸಾಮಾನ್ಯ ಆದೇಶಗಳಿಂದ ಆ 16 ಬೈಟ್‌ಗಳ ಮೇಲೆ ಏನನ್ನಾದರೂ ಬರೆದರೆ ಟ್ಯಾಗ್ ಅಳಿಸಿಹೋಗುತ್ತದೆ, ಆಮೇಲೆ ಅದು ಪಾಯಿಂಟರ್ ಆಗಿ ನಡೆಯುವುದಿಲ್ಲ. ಹೀಗಾಗಿ ಪಾಯಿಂಟರನ್ನು ಸುಳ್ಳಾಗಿ ಸೃಷ್ಟಿಸುವ ದಾರಿ ಅಪ್ಲಿಕೇಶನ್ ಪ್ರೋಗ್ರಾಮರ್‌ಗೆ ಇಲ್ಲ. ಇನ್ನು ಯೂಸರ್ ಸ್ಪೇಸ್‌ನ ಎಲ್ಲೆ ಮೀರಿ ಓದಲು ಹೋದರೆ ಪಕ್ಕದ ವಸ್ತುವಿನೊಳಕ್ಕೆ ಜಾರುವುದಿಲ್ಲ. ಎಂಸಿಎಚ್ 0601 ಎಂಬ ಸಂದೇಶದೊಂದಿಗೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಪಾಯಿಂಟರ್ ಕೇಳುವಾಗ ನಿಮಗೆ ಆ ವಸ್ತುವಿನ ಮೇಲೆ ಅಧಿಕಾರ ಇದೆಯೇ ಎಂದು ವ್ಯವಸ್ಥೆ ನೋಡುತ್ತದೆ. ಯಾವ ಲೈಬ್ರರಿಗಳಲ್ಲಿ ಇಂಥ ವಸ್ತುಗಳಿಗೆ ಜಾಗ ಕೊಡಬೇಕೆಂದು ತೀರ್ಮಾನಿಸುವ ಸಿಸ್ಟಮ್ ವ್ಯಾಲ್ಯೂ ಕೂಡ ಇದೆ. ಇಷ್ಟು ಕಾವಲು ಹಾಕಿದ ಹಂಚಿಕೆಯ ಮೆಮೊರಿಯನ್ನು ಅಪಾಯಕಾರಿ ಎನ್ನುವವರು ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದಾರೆ?

ಆದರೂ ಎರಡು ಆಕ್ಷೇಪಗಳು ನಿಜ, ಅವನ್ನು ಅಡಗಿಸಿಡುವುದು ಸರಿಯಲ್ಲ. ಯೂಸರ್ ಸ್ಪೇಸನ್ನು ಜರ್ನಲ್ ಮಾಡಲು ಬರುವುದಿಲ್ಲ. ಡೇಟಾ ಕ್ಯೂ, ಡೇಟಾ ಏರಿಯಾಗಳಿಗೆ ಆ ಸೌಲಭ್ಯ ಬಂತು, ಇದಕ್ಕೆ ಬರಲಿಲ್ಲ. ವಿದ್ಯುತ್ ಹಠಾತ್ತನೆ ಹೋದರೆ ಮೆಮೊರಿಯಲ್ಲಿದ್ದು ಡಿಸ್ಕಿಗೆ ಇನ್ನೂ ಇಳಿಯದ ಬದಲಾವಣೆ ಹೋಗಬಹುದು. ಒತ್ತಾಯದಿಂದ ಇಳಿಸುವ ಆದೇಶ ಯಂತ್ರದ ಮಟ್ಟದಲ್ಲಿದೆ, ಆದರೆ ಅದು ಕಮಿಟ್‌ಮೆಂಟ್ ಕಂಟ್ರೋಲ್‌ಗೆ ಸಮನಲ್ಲ. ಆದ್ದರಿಂದ ಹಣದ ಲೆಕ್ಕ ಅಲ್ಲಿಗೆ ಸಲ್ಲದು. ಮತ್ತೆ ಕಟ್ಟಲು ಬಾರದ ಯಾವುದೂ ಅಲ್ಲಿರಕೂಡದು. ಇಷ್ಟು ಒಪ್ಪಿದ ಮೇಲೆ ಒಂದು ಮಾತು ಕೇಳುತ್ತೇನೆ. ಇದೇ ಕಾರಣಕ್ಕೆ ಯೂಸರ್ ಸ್ಪೇಸ್ ಬೇಡ ಎಂದವರು ಅದರ ಜಾಗಕ್ಕೆ ಹೊರಗಿನ ಸರ್ವರ್ ಒಂದರಲ್ಲಿ ರೆಡಿಸ್ ತಂದು ಕೂರಿಸುತ್ತಾರೆ. ರೆಡಿಸ್ ಕೂಡ ಮೆಮೊರಿಯಲ್ಲೇ ಇಟ್ಟುಕೊಳ್ಳುವ ಸಾಧನ. ಹೇಗೆ ಬಂದಿತೋ ಹಾಗೆ ಬಿಟ್ಟರೆ ಆಗಾಗ ಒಂದು ಪ್ರತಿಯನ್ನು ಡಿಸ್ಕಿಗೆ ಬರೆಯುತ್ತದೆ, ನಡುವಿನದ್ದು ಕಳೆದುಹೋಗಬಹುದು. ಅಲ್ಲಿ ಅದು 'ಕ್ಯಾಶ್, ಪರವಾಗಿಲ್ಲ' ಎಂದಾಗುತ್ತದೆ, ಇಲ್ಲಿ ಮಾತ್ರ ಮರಣದಂಡನೆಗೆ ಯೋಗ್ಯ ದೋಷವಾಗುತ್ತದೆ. ಒಂದೇ ಗುಣಕ್ಕೆ ಎರಡು ಅಳತೆ. ನಡುವೆ ನೆಟ್‌ವರ್ಕ್ ಬಂದದ್ದು, ನೋಡಿಕೊಳ್ಳಬೇಕಾದ ಇನ್ನೊಂದು ಸರ್ವರ್ ಬಂದದ್ದು ಲೆಕ್ಕಕ್ಕೇ ಇಲ್ಲ.

ಎರಡನೆಯದು ಬೀಗದ ಪ್ರಶ್ನೆ. ಪಾಯಿಂಟರ್ ಮೂಲಕ ಬರೆಯುವಾಗ ತಾನಾಗಿ ಬೀಳುವ ಲಾಕ್ ಇಲ್ಲ. ಒಬ್ಬ ಬರೆಯುತ್ತಿರುವಾಗ ಇನ್ನೊಬ್ಬ ಓದಿದರೆ ಅರ್ಧ ಹಳೆಯದು, ಅರ್ಧ ಹೊಸದು ಸಿಗಬಹುದು. ಸ್ಪೇಸ್‌ನ ಒಂದು ಸ್ಥಾನಕ್ಕೆ ಲಾಕ್ ಹಾಕುವ ಆದೇಶವಿದೆ, ಆದರೆ ಅದು ಎಲ್ಲರೂ ಪಾಲಿಸಿದರೆ ಮಾತ್ರ ನಿಲ್ಲುವ ಒಪ್ಪಂದ. ಪಾಲಿಸದವನ ಕೈಯನ್ನು ಯಂತ್ರ ಹಿಡಿಯುವುದಿಲ್ಲ. ನಮ್ಮ ದರಪಟ್ಟಿಗೆ ಇನ್ನೂ ಸರಳ ದಾರಿಯಿದೆ. ಎರಡು ಯೂಸರ್ ಸ್ಪೇಸ್ ಇಡಿ. ಹೊಸ ದರಗಳನ್ನು ಬಳಕೆಯಲ್ಲಿಲ್ಲದ ಒಂದರಲ್ಲಿ ಪೂರ್ತಿ ಕಟ್ಟಿ. ಕಟ್ಟಿ ಮುಗಿದ ಮೇಲೆ, ಈಗ ಯಾವುದು ಚಾಲ್ತಿ ಎಂದು ಹೇಳುವ ಒಂದೇ ಒಂದು ನಾಲ್ಕು ಬೈಟ್ ಸಂಖ್ಯೆಯನ್ನು ಬದಲಿಸಿ. ಆ ಬದಲಾವಣೆಯನ್ನು ಕಂಪೇರ್ ಅಂಡ್ ಸ್ವಾಪ್ ಆದೇಶದಿಂದ ಮಾಡಿ, ಏಕೆಂದರೆ ಪವರ್ ಪ್ರೊಸೆಸರ್‌ಗಳಲ್ಲಿ ಒಂದು ಪ್ರೊಸೆಸರ್ ಬರೆದ ಕ್ರಮದಲ್ಲೇ ಇನ್ನೊಂದು ಪ್ರೊಸೆಸರ್‌ಗೆ ಕಾಣುತ್ತದೆ ಎಂಬ ಖಾತರಿ ತಾನಾಗಿ ಇರುವುದಿಲ್ಲ. ಓದುವವರು ಪ್ರತಿ ಹುಡುಕಾಟಕ್ಕೆ ಮುಂಚೆ ಆ ಸಂಖ್ಯೆಯನ್ನು ನೋಡುತ್ತಾರೆ, ಅಷ್ಟೇ. ಇದರಲ್ಲಿ ಮಾಂತ್ರಿಕ ವಿದ್ಯೆ ಏನೂ ಇಲ್ಲ. ಯೋಚಿಸಿ ಬರೆಯಬೇಕು, ನಿಜ. ಯೋಚಿಸಬೇಕಾಗಿ ಬರುತ್ತದೆ ಎಂಬುದನ್ನೇ ಒಂದು ಸಾಧನದ ದೋಷವಾಗಿ ಎಣಿಸುವುದು ನಮ್ಮ ವೃತ್ತಿಗೆ ಶೋಭೆಯಲ್ಲ.

ಯೂಸರ್ ಸ್ಪೇಸ್‌ಗಿಂತ ಹೆಚ್ಚು ಅನ್ಯಾಯವಾಗುತ್ತಿರುವುದು ಡೇಟಾ ಕ್ಯೂಗೆ. 'ಟೇಬಲ್ ಮಾಡಿ' ಎಂಬ ನಿಯಮ ಅಲ್ಲಿ ತರುವ ಹಾನಿ ಕಣ್ಣಿಗೆ ರಾಚುವಂಥದ್ದು. ಡೇಟಾ ಕ್ಯೂ ಮುಂದೆ ಕಾಯುವ ಜಾಬ್‌ಗೆ ಕಾಯುವ ಸಮಯವನ್ನು ಋಣಸಂಖ್ಯೆಯಾಗಿ ಕೊಟ್ಟರೆ, ಸಂದೇಶ ಬರುವವರೆಗೆ ಅದು ಪ್ರೊಸೆಸರ್ ಮುಟ್ಟದೆ ಸುಮ್ಮನೆ ಕಾಯುತ್ತದೆ. ಬಂದ ಕೂಡಲೇ ಏಳುತ್ತದೆ. ಹತ್ತು ಜಾಬ್‌ಗಳು ಒಂದೇ ಕ್ಯೂ ಮುಂದೆ ಕಾದರೂ ಒಂದು ಸಂದೇಶ ಒಬ್ಬರಿಗೇ ಸಿಗುತ್ತದೆ. ಮೊದಲು ಬಂದದ್ದು ಮೊದಲು, ಕೊನೆಗೆ ಬಂದದ್ದು ಮೊದಲು, ಕೀ ಪ್ರಕಾರ ಹೀಗೆ ಮೂರು ಬಗೆ. ಪ್ರಿಂಟ್ ಆಗಬೇಕಾದ ಸ್ಪೂಲ್ ಫೈಲ್ ಔಟ್‌ಪುಟ್ ಕ್ಯೂನಲ್ಲಿ ಸಿದ್ಧವಾದಾಗ ವ್ಯವಸ್ಥೆಯೇ ಒಂದು ಡೇಟಾ ಕ್ಯೂಗೆ ಸುದ್ದಿ ಕಳಿಸುವಂತೆ ಮಾಡಬಹುದು. ಪರದೆಯ ಮುಂದೆ ಕೂತವರು ಎಂಟರ್ ಒತ್ತುವುದನ್ನೂ ಹಿನ್ನೆಲೆಯ ಸಂದೇಶವನ್ನೂ ಒಂದೇ ಕಡೆ ಕಾಯುವಂತೆ ಡಿಸ್‌ಪ್ಲೇ ಫೈಲ್‌ಗೆ ಡೇಟಾ ಕ್ಯೂ ಕಟ್ಟಬಹುದು. ಜಾವಾ ಪ್ರೋಗ್ರಾಂ ಕೂಡ ಹೊರಗಿನಿಂದಲೇ ಇದಕ್ಕೆ ಸಂದೇಶ ಹಾಕಬಹುದು, ಅದಕ್ಕೆ ಬೇಕಾದ ಕ್ಲಾಸ್‌ಗಳು ಐಬಿಎಂನ ಜಾವಾ ಟೂಲ್‌ಬಾಕ್ಸ್‌ನಲ್ಲಿ ಬಹಳ ಹಿಂದಿನಿಂದ ಇವೆ.

ಇದನ್ನು ತೆಗೆದು ಟೇಬಲ್ ಇಟ್ಟರೆ ಏನಾಗುತ್ತದೆ ನೋಡಿ. ಟೇಬಲ್‌ಗೆ ಎಬ್ಬಿಸಲು ಬರುವುದಿಲ್ಲ. ಆದ್ದರಿಂದ ಜಾಬ್ ಐದು ಸೆಕೆಂಡ್ ಮಲಗಿ, ಎದ್ದು, 'ಸ್ಥಿತಿ = ಹೊಸದು' ಎಂಬ ಸಾಲು ಇದೆಯೇ ಎಂದು ನೋಡಿ, ಮತ್ತೆ ಮಲಗುತ್ತದೆ. ಕೆಲಸವಿಲ್ಲದ ರಾತ್ರಿಯಲ್ಲೂ ಯಂತ್ರ ಎದ್ದು ಕೂತಿರುತ್ತದೆ. ಕೆಲಸ ಬಂದಾಗ ಐದು ಸೆಕೆಂಡ್‌ವರೆಗೆ ತಡ. ಎರಡನೆಯ ಜಾಬ್ ಸೇರಿಸಿದ ದಿನ ಇಬ್ಬರೂ ಒಂದೇ ಸಾಲನ್ನು ಹಿಡಿಯುತ್ತಾರೆ. ಅದಕ್ಕೊಂದು ಲಾಕ್, ಲಾಕ್ ಬಿಡದೆ ಸತ್ತ ಜಾಬ್‌ಗೆ ಒಂದು ಶುದ್ಧೀಕರಣದ ಪ್ರೋಗ್ರಾಂ, ಮುಗಿದ ಸಾಲುಗಳು ಬೆಳೆದು ಟೇಬಲ್ ಉಬ್ಬಿದಾಗ ಅದನ್ನು ಕಿರಿದುಗೊಳಿಸುವ ಇನ್ನೊಂದು. ಡೇಟಾ ಕ್ಯೂ ಒಂದೇ ಕರೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ಕೈಯಾರೆ, ಕೆಟ್ಟದಾಗಿ, ಮತ್ತೆ ಕಟ್ಟಿದ್ದಾಯಿತು. ಇದಕ್ಕೆ ಆಧುನೀಕರಣ ಎಂದು ಹೆಸರಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೇಳಿದರೆ 'ಟೇಬಲ್ ಆದರೆ ಕ್ವೆರಿ ಮಾಡಿ ನೋಡಬಹುದು' ಎಂಬ ಉತ್ತರ. ಡೇಟಾ ಕ್ಯೂನಲ್ಲಿರುವ ಸಂದೇಶಗಳನ್ನೂ ಯೂಸರ್ ಸ್ಪೇಸ್‌ನ ಒಳಗನ್ನೂ ಎಸ್‌ಕ್ಯುಎಲ್‌ನಿಂದಲೇ ನೋಡುವ ಸೇವೆಗಳನ್ನು ಐಬಿಎಂ ಕೊಟ್ಟಿದೆ. ಹಿಂದೆ ಆಬ್ಜೆಕ್ಟ್ ಡಂಪ್ ತೆಗೆದು ಹೆಕ್ಸ್ ಓದುತ್ತಿದ್ದ ಕಾಲದ ದೂರನ್ನು ಈಗಲೂ ಹಿಡಿದು ಕೂತವರೇ ಉಳಿದವರನ್ನು ಹಳಬರೆಂದು ಕರೆಯುತ್ತಿದ್ದಾರೆ.

ಎಲ್ಲ ಹಳೆಯದನ್ನೂ ನಾನು ಕಾಪಾಡಲು ಹೊರಟಿಲ್ಲ. ಡೇಟಾ ಏರಿಯಾದಲ್ಲಿ ಬಿಲ್ ಸಂಖ್ಯೆ ಇಟ್ಟು, ಲಾಕ್ ಮಾಡಿ, ಒಂದು ಕೂಡಿಸಿ ಬರೆಯುವ ಪದ್ಧತಿ ಹೋಗಲಿ; ಅದಕ್ಕೆ ಡೇಟಾಬೇಸ್‌ನ ಸೀಕ್ವೆನ್ಸ್ ಉತ್ತಮ. ಯೂಸರ್ ಇಂಡೆಕ್ಸ್‌ನ ಜಾಗವೂ ಈಗ ಕಿರಿದಾಗಿದೆ, ಒಳ್ಳೆಯ ಎಸ್‌ಕ್ಯುಎಲ್ ಇಂಡೆಕ್ಸ್ ಇದ್ದಲ್ಲಿ ಅದರ ಅಗತ್ಯ ಅಪರೂಪ. ಒಂದೊಂದನ್ನೂ ಅದರ ಕೆಲಸದ ಮೇಲೆ ತೂಗಿ ನೋಡಿ ಎನ್ನುವುದು ಬೇರೆ, ಎಲ್ಲವನ್ನೂ ಒಂದೇ ಪೊರಕೆಯಲ್ಲಿ ಗುಡಿಸುವುದು ಬೇರೆ.

ಈಗ 'ಹಳತು' ಎಂಬ ದೂಷಣೆಗೆ ಬರುತ್ತೇನೆ. 2019ರಲ್ಲಿ ಇಂಟೆಲ್ ಆಪ್ಟೇನ್ ಪರ್ಸಿಸ್ಟೆಂಟ್ ಮೆಮೊರಿಯನ್ನು ಮಾರುಕಟ್ಟೆಗೆ ತಂದಾಗ, ಮೆಮೊರಿಗೂ ಡಿಸ್ಕಿಗೂ ನಡುವಿನ ಗೋಡೆ ಬೀಳಲಿದೆ, ಪ್ರೋಗ್ರಾಮರ್‌ಗಳು ಹೊಸ ರೀತಿಯಲ್ಲಿ ಯೋಚಿಸಬೇಕು ಎಂದು ಉದ್ಯಮವೆಲ್ಲ ಸಂಭ್ರಮಿಸಿತು. 2022ರಲ್ಲಿ ಇಂಟೆಲ್ ಆ ವ್ಯವಹಾರವನ್ನೇ ಮುಚ್ಚಿತು. ಆ ಹೊಸ ರೀತಿಯ ಯೋಚನೆ ಸಿಸ್ಟಮ್/38ರ ಪ್ರೋಗ್ರಾಮರ್‌ಗಳ ನಿತ್ಯದ ಅನುಭವವಾಗಿತ್ತು. ಯುನಿಕ್ಸ್ ಬಳಗದಲ್ಲಿ ಫೈಲನ್ನು ಮೆಮೊರಿಗೆ ಮ್ಯಾಪ್ ಮಾಡುವ ವಿಧಾನವನ್ನು ಇಂದು ಕುಶಲ ತಂತ್ರವೆಂದು ಕಲಿಸುತ್ತಾರೆ. ಅದರಲ್ಲಿ ಒಂದು ತೊಡಕಿದೆ: ಅದೇ ಫೈಲ್ ಬೇರೆ ಬೇರೆ ಪ್ರೊಸೆಸ್‌ಗಳಲ್ಲಿ ಬೇರೆ ಬೇರೆ ವಿಳಾಸಕ್ಕೆ ಬಂದು ಕೂರಬಹುದು, ಆದ್ದರಿಂದ ಒಳಗೆ ಪಾಯಿಂಟರ್ ಇಡಲಾಗದು, ಆಫ್‌ಸೆಟ್‌ಗಳಲ್ಲೇ ಲೆಕ್ಕ ಹಾಕಬೇಕು. ಯೂಸರ್ ಸ್ಪೇಸ್‌ನ ವಿಳಾಸ ಎಲ್ಲ ಜಾಬ್‌ಗಳಿಗೂ ಒಂದೇ. ಒಳಗೆ ಇಟ್ಟ ಪಾಯಿಂಟರ್ ಎಲ್ಲರಿಗೂ ಸಲ್ಲುತ್ತದೆ. ಸೇವ್ ಮಾಡಿ ಬೇರೆ ಯಂತ್ರಕ್ಕೆ ಒಯ್ದರೆ ಮಾತ್ರ ಆ ಪಾಯಿಂಟರ್‌ಗಳು ಉಳಿಯುವುದಿಲ್ಲ. ಉಳಿದ ಜಗತ್ತು ಇಂದಿಗೂ ಪರದಾಡುತ್ತಿರುವ ಸಮಸ್ಯೆಗೆ ನಲವತ್ತು ವರ್ಷಕ್ಕೂ ಹಿಂದೆಯೇ ಸಿಕ್ಕ ಪರಿಹಾರವನ್ನು, ಅದು ಹಿಂದೆಯೇ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಬಿಸಾಡುತ್ತಿದ್ದೇವೆ.

ಈ ವಿಷಯದಲ್ಲಿ ಬೆಂಗಳೂರಿನವರಾದ ನಮಗೆ ನೇರ ಸಂಬಂಧವಿದೆ. ಸಿಸ್ಟಮ್/38 ಪ್ರಕಟವಾದ 1978ರಲ್ಲೇ ಐಬಿಎಂ ಭಾರತ ಬಿಟ್ಟು ಹೋಯಿತು. 1992ರಲ್ಲಿ ಟಾಟಾ ಇನ್ಫರ್ಮೇಶನ್ ಸಿಸ್ಟಮ್ಸ್ ಎಂಬ ಜಂಟಿ ಕಂಪನಿಯಾಗಿ ಬೆಂಗಳೂರಿಗೆ ಮರಳಿತು. ಈ ವಿನ್ಯಾಸ ರೂಪುಗೊಂಡು, ಚರ್ಚೆಯಾಗಿ, ನೆಲೆನಿಂತ ವರ್ಷಗಳಲ್ಲಿ ನಾವು ಅದರ ಸಮೀಪ ಇರಲೇ ಇಲ್ಲ. ಆಮೇಲೆ ನಮಗೆ ಆ ಯಂತ್ರ ಸಿಕ್ಕಿದ್ದು ಬಹುಮಟ್ಟಿಗೆ ಪರದೇಶದ ಬ್ಯಾಂಕು, ವಿಮೆ, ಗೋದಾಮುಗಳ ಮೇಂಟೆನೆನ್ಸ್ ಗುತ್ತಿಗೆಯ ರೂಪದಲ್ಲಿ. ಸರ್ವಿಸ್ ಕಂಪನಿಗಳ ತರಬೇತಿಯಲ್ಲಿ ಆರ್‌ಪಿಜಿ, ಸಿಎಲ್, ಸಬ್‌ಫೈಲ್ ಹೇಳಿಕೊಟ್ಟರು, ಟಿಕೆಟ್ ಮುಚ್ಚಲು ಅಷ್ಟು ಸಾಕಿತ್ತು. ಯಂತ್ರದ ಒಳಗಿನ ವಿಚಾರವನ್ನು ಹೇಳಿಕೊಡುವ ಹೊಣೆ ಯಾರೂ ಹೊರಲಿಲ್ಲ. ಎಂಜಿನಿಯರಿಂಗ್ ಮುಗಿಸಿ ಬಂದ ಹುಡುಗ ಹುಡುಗಿಯರನ್ನು ಈ ಪ್ರಾಜೆಕ್ಟ್‌ಗೆ ಹಾಕಿದಾಗ 'ನನ್ನ ಕರಿಯರ್ ಮುಗಿಯಿತು' ಎಂದು ಕೊರಗುವುದನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ. ಅವರಿಗೆ ಕೊಟ್ಟಿರುವುದು ಕಂಪ್ಯೂಟರ್ ವಿನ್ಯಾಸದ ಅತ್ಯಂತ ಧೈರ್ಯದ ವಿಚಾರಗಳಲ್ಲಿ ಒಂದು. ಕೊಡುವಾಗ ಅದು ಹಳೆಯ ಕಸ ಎಂದು ಹೇಳಿ ಕೊಟ್ಟೆವು. ಕಸವೆಂದು ನಂಬಿ ಕಲಿತವರು ಮುಂದೆ ಆರ್ಕಿಟೆಕ್ಟ್ ಆಗಿ 'ಟೇಬಲ್ ಮಾಡಿ' ಎಂದು ಬರೆಯದೆ ಇನ್ನೇನು ಬರೆದಾರು?

ಆದ್ದರಿಂದ ರಿವ್ಯೂ ಮಾಡುವವರಲ್ಲಿ ನನ್ನ ಬೇಡಿಕೆ ಸ್ಪಷ್ಟ. ಯೂಸರ್ ಸ್ಪೇಸ್ ಕಂಡಾಗ ಅದರಲ್ಲಿ ಏನಿದೆ, ಯಾವ ಜಾಬ್ ಬರೆಯುತ್ತದೆ, ಯಾರು ಓದುತ್ತಾರೆ, ಕಳೆದುಹೋದರೆ ಎಲ್ಲಿಂದ ಮತ್ತೆ ಕಟ್ಟಬಹುದು ಎಂದು ಕೇಳಿ. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ತೆಗೆಯಿರಿ, ನಾನೇ ನಿಮ್ಮ ಪರ ನಿಲ್ಲುತ್ತೇನೆ. ಉತ್ತರವಿದ್ದರೆ ಅದರ ವಿನ್ಯಾಸವನ್ನು ಕಾಪಿ ಮೆಂಬರ್ ಆಗಿ ಸೋರ್ಸ್‌ನಲ್ಲಿ ಇಡಿಸಿ, ಕಟ್ಟುವ ಪ್ರೋಗ್ರಾಮನ್ನು ಸಿಸ್ಟಮ್ ಶುರುವಾಗುವಾಗ ಕರೆಯುವಂತೆ ಮಾಡಿಸಿ. ತರಬೇತಿ ನಡೆಸುವವರು ಸಬ್‌ಫೈಲ್ ಪಾಠಕ್ಕೆ ಮುಂಚೆ ಒಂದು ಮಧ್ಯಾಹ್ನ ತೆಗೆದಿಟ್ಟು, ಹೊಸಬರ ಕೈಯಲ್ಲೇ ಒಂದು ಯೂಸರ್ ಸ್ಪೇಸ್ ಸೃಷ್ಟಿ ಮಾಡಿಸಲಿ. ಎರಡು ಸೆಷನ್ ತೆರೆದು, ಒಂದರಲ್ಲಿ ವೇರಿಯಬಲ್‌ಗೆ ಬೆಲೆ ಕೊಟ್ಟು ಇನ್ನೊಂದರಲ್ಲಿ ಓದಿಸಲಿ; ಬರೆದ ಜಾಬನ್ನು ಮುಗಿಸಿ ಮತ್ತೆ ಓದಿಸಲಿ; ಟೆಸ್ಟ್ ಯಂತ್ರವಾದರೆ ಸರಿಯಾಗಿ ಪವರ್ ಡೌನ್ ಮಾಡಿಸಿ, ಐಪಿಎಲ್ (ಯಂತ್ರದ ಮರುಚಾಲನೆ) ಆದ ಮೇಲೆ ಇನ್ನೊಮ್ಮೆ ಓದಿಸಲಿ. ಆಮೇಲೆ ಅದೇ ಬೆಲೆಯನ್ನು ಟೇಬಲ್‌ನಲ್ಲಿಟ್ಟು ಓದುವ ಪ್ರೋಗ್ರಾಂ ಬರೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವ ಕೆಲಸಕ್ಕೆ ಯಾವುದು ಎಂದು ಅವರ ಬಾಯಿಂದಲೇ ಹೇಳಿಸಲಿ.